ಕುಡಿತ, ಸಾವು ಎರಡೂ ಇರುವ ಮನೆ: ಕುಟುಂಬ ಅಧ್ಯಯನ ಎಲ್ಲಿಂದ ಶುರು ಮಾಡಬೇಕು?

ಬಿಎಸ್ಸಿ ನರ್ಸಿಂಗ್ ಕೊನೆ ವರ್ಷ, ಯಾದಗಿರಿ

ಎಲ್ಲರಿಗೂ ನಮಸ್ಕಾರ. ಸಮುದಾಯ ಆರೋಗ್ಯದ ಪೋಸ್ಟಿಂಗ್ ಮೇಲೆ ಗುರುಮಠಕಲ್ ಕಡೆಯ ಒಂದು ಹಳ್ಳಿಯಲ್ಲಿದ್ದೇನೆ. ಕುಟುಂಬ ಅಧ್ಯಯನಕ್ಕೆ ನನಗೆ ಕೊಟ್ಟಿರುವ ಮನೆಯ ಬಗ್ಗೆ ಕೇಳಬೇಕಿತ್ತು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

ಮನೆಯಲ್ಲಿ ಅಜ್ಜಿ, ಗಂಡ, ಹೆಂಡತಿ, ಹತ್ತನೇ ತರಗತಿಯ ಮಗಳು, ಆರನೇ ತರಗತಿಯ ಮಗ ಇದ್ದಾರೆ. ಹಿರಿಯ ಮಗ ಹೈದರಾಬಾದಿನಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದ. ಹೋದ ಎಳ್ಳ ಅಮಾವಾಸ್ಯೆಗೆ ಬೈಕ್ ಮೇಲೆ ಊರಿಗೆ ಬರುವಾಗ ರಾತ್ರಿ ಯಾವುದೋ ಗಾಡಿ ಗುದ್ದಿ ನಿಲ್ಲಿಸದೆ ಹೋಗಿದೆ. ಹುಡುಗ ಜಾಗದಲ್ಲೇ ತೀರಿಕೊಂಡ. ಸುಮಾರು ಹತ್ತು ತಿಂಗಳಾಯಿತು. ಅಪ್ಪ ಮೊದಲು ಜಾತ್ರೆ, ಮದುವೆ ಅಂತ ಕುಡಿಯುತ್ತಿದ್ದನಂತೆ, ಈಗ ಬೆಳಗಾದರೆ ಬೇಕು.

ನಮ್ಮ ಫಾರ್ಮ್‌ನಲ್ಲಿ ‘ಚಟಗಳು’ ಅಂತ ಒಂದು ಕಾಲಂ ಇದೆ. ‘ಕಳೆದ ಒಂದು ವರ್ಷದಲ್ಲಿ ಮರಣ’ ಅಂತ ಬೇರೆ ಪುಟದಲ್ಲಿ ಇನ್ನೊಂದಿದೆ. ಎರಡನ್ನೂ ತುಂಬಿಸಿದ್ದೇನೆ, ಆದರೆ ಆ ಮನೆಯ ಬಗ್ಗೆ ಏನೂ ಬರೆದಂತೆ ಅನಿಸಲಿಲ್ಲ. ಆ ತಾಯಿ ಏನು ಕೇಳಿದರೂ “ಎಲ್ಲಾ ಆರಾಮ ಅದೀವ್ರಿ ಅಕ್ಕೋರೆ” ಅಂದು ಚಹಾ ಇಡಲು ಏಳುತ್ತಾರೆ. ಯಾರಿಂದ ಮಾತು ಶುರು ಮಾಡಲಿ? ಯಾವ ಮಾಪನ ಹಾಕಲಿ? ಸತ್ತ ಮಗನ ಬಗ್ಗೆ ಕೇಳಿದರೆ ಗಾಯ ಕೆದಕಿದ ಹಾಗಾಗುವುದಿಲ್ಲವೇ?

ಸಮುದಾಯ ನರ್ಸಿಂಗ್ ಬೋಧಕಿ, ಕಲಬುರಗಿ

ತಂಗಿ, ಕಾಲಂ ತುಂಬಿಸಿ ಸುಮ್ಮನಾಗದೆ ಕೇಳಿದ್ದು ಒಳ್ಳೆಯದಾಯಿತು. ನನ್ನ ಮಾತು ಒಂದೇ. ಕುಡಿತವನ್ನು ಅಪ್ಪನ ಹೆಸರಿಗೆ, ದುಃಖವನ್ನು ತಾಯಿಯ ಹೆಸರಿಗೆ ಹಂಚಿ ಬರೆದರೆ ಆ ಮನೆ ನಿನಗೆ ಕಾಣುವುದಿಲ್ಲ. ಎರಡೂ ಐದು ಜನರ ಮೇಲೂ ಬಿದ್ದಿವೆ, ಒಬ್ಬೊಬ್ಬರ ಮೇಲೆ ಒಂದೊಂದು ರೀತಿ. ರೋಗಿ ಅಂತ ಬರೆಯುವುದಾದರೆ ಇಡೀ ಮನೆಯನ್ನೇ ಬರೆ.

ಮೊದಲು ಒಂದು ಹಾಳೆ ತೆಗೆದುಕೊಂಡು ಅಡ್ಡಡ್ಡ ಎರಡು ಗೆರೆ ಎಳಿ. ಮೇಲಿನ ಗೆರೆಯಲ್ಲಿ ಮನೆಗೆ ಆದದ್ದು: ಮಗ ಗುಳೆ ಹೋದದ್ದು, ಬೈಕ್ ಸಾಲ, ಅಪಘಾತ, ದಿನಕರ್ಮ, ತೊಗರಿ ಬಂತೋ ನೆಟೆ ರೋಗಕ್ಕೆ ಹೋಯಿತೋ, ಶಾಲೆ ಶುರುವಾದದ್ದು. ಕೆಳಗಿನ ಗೆರೆಯಲ್ಲಿ ಕುಡಿತ: ಯಾವಾಗ ವಾರಕ್ಕೊಮ್ಮೆ ಆಯಿತು, ಯಾವಾಗ ಬೆಳಿಗ್ಗೆಗೆ ಬಂತು, ನಡುವೆ ಬಿಟ್ಟಿದ್ದನೇ, ಬಿಟ್ಟಾಗ ಮೈಗೆ ಏನಾಯಿತು. ಎರಡನ್ನೂ ಒಂದರ ಕೆಳಗೆ ಒಂದು ಇಟ್ಟು ನೋಡಿದಾಗ ಏನು ಕೇಳಬೇಕು ಅನ್ನುವುದು ತಾನಾಗಿ ಹೊಳೆಯುತ್ತದೆ. “ಯಾಕೆ ಕುಡೀತೀರಿ” ಅಂತ ಮಾತ್ರ ಕೇಳಬೇಡ. ಕೇಳಿದರೆ ಅವನು ತಲೆ ತಗ್ಗಿಸುತ್ತಾನೆ, ಇಲ್ಲ ಸಿಟ್ಟಿಗೇಳುತ್ತಾನೆ. “ಹೋದ ವಾರ ಯಾವ ದಿನ ಜಾಸ್ತಿ ಆಯ್ತು? ಅವತ್ತು ಮನೆಗೆ ಯಾರು ಬಂದಿದ್ರು?” ಅಂತ ಕೇಳು.

ಇನ್ನು ಚೌಕಟ್ಟು. ಲೊರೇನ್ ರೈಟ್ ಮತ್ತು ಮೊರೀನ್ ಲೀಹಿ ಇಬ್ಬರೂ ನರ್ಸುಗಳು. 1984ರಲ್ಲಿ ಇವರು ಕೊಟ್ಟ ಕ್ಯಾಲ್ಗರಿ ಕುಟುಂಬ ಮಾಪನ ಮಾದರಿ ನಿನ್ನ ಪಠ್ಯದಲ್ಲಿರಬೇಕು. ಮನೆಯ ರಚನೆ, ಮನೆ ಈಗ ಬದುಕಿನ ಯಾವ ಹಂತದಲ್ಲಿದೆ, ದಿನ ಹೇಗೆ ನಡೆಯುತ್ತದೆ ಅಂತ ಮೂರು ಕಡೆಯಿಂದ ನೋಡುತ್ತಾರೆ. ರಚನೆಗೆ ಜೀನೋಗ್ರಾಂ, ಅಂದರೆ ಮನೆತನದ ಚಿತ್ರ, ಹಾಕು, ಮೂರು ತಲೆಮಾರು ಬರಲಿ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ತೀರಿಕೊಂಡವರ ಗುರುತಿನ ಮೇಲೆ ಕತ್ತರಿ ಗೆರೆ, ಕುಡಿತ ಇದ್ದವರ ಕೆಳಗಿನ ಅರ್ಧ ಕಪ್ಪು. ಅಜ್ಜ ಹೇಗೆ ತೀರಿಕೊಂಡ, ಕಾಕಾಗಳು ಕುಡಿಯುತ್ತಾರಾ ಎಂಬುದೆಲ್ಲ ಈ ಚಿತ್ರ ಬರೆಯುವ ನೆಪದಲ್ಲಿ ಬರುತ್ತದೆ. ಪೆನ್ನು ಕೈಗೆ ಕೊಟ್ಟರೆ ಮಾತಾಡದ ಮಗಳೂ ಬರೆಯುತ್ತಾಳೆ.

ಅವರೇ ಹೇಳಿಕೊಟ್ಟ ಇನ್ನೊಂದು ವಿಧಾನ ನಮ್ಮ ಕಡೆ ಬಹಳ ಕೆಲಸ ಮಾಡುತ್ತದೆ. ಒಬ್ಬರನ್ನು ಅವರ ಬಗ್ಗೆ ಕೇಳುವ ಬದಲು ಮನೆಯ ಇನ್ನೊಬ್ಬರ ಬಗ್ಗೆ ಕೇಳುವುದು. “ನಿಮಗೆ ದುಃಖ ಆಗ್ತದಾ” ಅಂದರೆ ಆ ತಾಯಿ ಆರಾಮ ಅದೀವಿ ಅಂತಲೇ ಅನ್ನುತ್ತಾಳೆ. “ಮಗ ಹೋದಮ್ಯಾಲೆ ಮನ್ಯಾಗ ಯಾರು ಭಾಳ ಸುಮ್ಮ ಆಗ್ಯಾರ?” ಅಂತ ಕೇಳಿ ನೋಡು.

ಗಾಯ ಕೆದಕುವ ಪ್ರಶ್ನೆಗೆ ಬರುತ್ತೇನೆ. ಸತ್ತ ಹುಡುಗನ ಹೆಸರು ಹಿಡಿದು ಕೇಳು. ಊರವರು ದಿನಕರ್ಮ ಮುಗಿದ ಮೇಲೆ ಆ ಹೆಸರು ಎತ್ತುವುದನ್ನೇ ಬಿಟ್ಟಿರುತ್ತಾರೆ. ಅತ್ತರೆ ಅಳಲಿ, ನೀನು ಎದ್ದು ಹೋಗಬೇಡ. ದುಃಖದ ಐದು ಹಂತ ಅಂತ ಬಾಯಿಪಾಠ ಮಾಡಿದ್ದನ್ನು ಹಿಡಿದು ಟಿಕ್ ಹಾಕಬೇಡ. ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್ ರಾಸ್ 1969ರಲ್ಲಿ ಅದನ್ನು ಬರೆದದ್ದು ಸಾವಿನ ಹತ್ತಿರ ಇದ್ದ ರೋಗಿಗಳ ಜೊತೆ ಮಾತಾಡಿ. ಮಗನನ್ನು ಕಳೆದುಕೊಂಡ ಮನೆ ಆ ಮೆಟ್ಟಿಲು ಹತ್ತಿಕೊಂಡು ಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11ರಲ್ಲಿ ‘ದೀರ್ಘಕಾಲದ ಶೋಕ’ ಅಂತ ಪ್ರತ್ಯೇಕ ರೋಗನಿರ್ಣಯ ಇದೆ. ಕನಿಷ್ಠ 6 ತಿಂಗಳು ದಾಟಿರಬೇಕು, ಅವರ ಸಮುದಾಯದ ರೂಢಿಗಿಂತ ಮೀರಿರಬೇಕು, ದಿನದ ಬದುಕು ನಡೆಯದಂತಾಗಿರಬೇಕು. ಈ ಎರಡನೆಯದನ್ನು ನೀನು ಅಜ್ಜಿಯಿಂದಲೇ ತಿಳಿಯಬೇಕು, ಪುಸ್ತಕದಿಂದ ತಿಳಿಯುವುದಿಲ್ಲ.

ಸಾಯುವ ಯೋಚನೆ ಬಂದಿದೆಯಾ ಅಂತ ಅಪ್ಪನನ್ನೂ ತಾಯಿಯನ್ನೂ ಬೇರೆ ಬೇರೆ ಕೂರಿಸಿ ನೇರವಾಗಿ ಕೇಳಲೇಬೇಕು. ಕೇಳಿದ್ದರಿಂದ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಅವತ್ತೇ ವೈದ್ಯಾಧಿಕಾರಿಗೆ ಹೇಳು, ಅವರನ್ನು ಒಂಟಿಯಾಗಿ ಬಿಡದಂತೆ ನೋಡು, ಬೆಳೆಗೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಹೊರಗೆ ಬೇರೆಯವರ ಕೈಯಲ್ಲಿ ಬೀಗದೊಳಗೆ ಇಡಿಸು. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ ದೊಡ್ಡದಾಗಿ ಬರೆದು ಬಾ.

ಆಶಾ ಕಾರ್ಯಕರ್ತೆ

ಸಿಸ್ಟರ್ರೀ, ನೀವು ಹೊತ್ತು ನೋಡ್ಕೊಂಡು ಹೋಗ್ರಿ. ಹನ್ನೊಂದು ಗಂಟೆಗೆ ಯುನಿಫಾರ್ಮ್ ಹಾಕ್ಕೊಂಡು ನಾಕು ಮಂದಿ ಹೋದ್ರ ಓಣಿ ಮಂದಿ ಎಲ್ಲಾ ಬಾಗಲಕ್ಕ ಬಂದು ನಿಂದರ್ತಾರ. ಆಕಿ ಏನ್ ಹೇಳ್ತಾಳ್ರಿ? ಮುಂಜಾನೆ ರೊಟ್ಟಿ ಬಡಿಯೋ ಟೈಮಿಗೆ ಒಬ್ರೇ ಹೋಗ್ರಿ, ಒಲಿ ಮುಂದ ಕುಂದರ್ರಿ. ಕೈ ಕೆಲಸದಾಗ ಇದ್ದಾಗ ಬಾಯಿ ಬಿಡ್ತದ. ಎದುರಾಎದುರು ಕುಂತು ಪೆನ್ನು ಹಿಡಿದ್ರ ಹೆಣ್ಮಕ್ಕಳು ಮಾತಾಡಂಗಿಲ್ರಿ.

ಗಂಡಸರನ್ನ ಮಾತಾಡ್ಸೋದಿದ್ರ ನಸುಕಿನ್ಯಾಗ, ಒಂದು ಕಪ್ ಚಾ ಕುಡಿಯೋಕಿಂತ ಮೊದಲ.

ಬೀದರ್‌ನಿಂದ ಒಬ್ಬರು

ಇಷ್ಟೆಲ್ಲ ಯಾಕೆ? ಮೊದಲು ಅವನ ಕುಡಿತ ಬಿಡಿಸಿ, ಉಳಿದದ್ದು ತಾನಾಗಿ ಸರಿಹೋಗುತ್ತೆ. ಗೊತ್ತಾಗದ ಹಾಗೆ ಊಟದಲ್ಲಿ ಹಾಕುವ ಪುಡಿ ಸಿಗುತ್ತಲ್ಲ, ನಮ್ಮ ಸಂಬಂಧಿಕರ ಮನೆಯಲ್ಲಿ ಹಾಕಿದ್ದರು.

ಮನೋರೋಗ ವಿಭಾಗದ ನರ್ಸ್, ಕಲಬುರಗಿ

ದಯವಿಟ್ಟು ಆ ಪುಡಿಯ ಸಲಹೆ ಯಾರಿಗೂ ಕೊಡಬೇಡಿ. ಅಂಥ ಪುಡಿಗಳಲ್ಲಿ ಏನಿದೆ ಅಂತ ಮಾರುವವನಿಗೂ ಹೇಳಲಾಗದು. ಕೆಲವರು ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ಮಾತ್ರೆಯನ್ನೇ ಅರೆದು ಸಾರಿಗೆ ಹಾಕುತ್ತಾರೆ. ಆ ಮಾತ್ರೆ ಹೊಟ್ಟೆಯಲ್ಲಿದ್ದಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಇಳಿದು ಜೀವಕ್ಕೇ ಅಪಾಯ ಆಗಬಹುದು. ರೋಗಿಗೆ ಗೊತ್ತಿದ್ದು, ಒಪ್ಪಿ, ಪರೀಕ್ಷೆ ಮಾಡಿಸಿದ ಮೇಲೆ ವೈದ್ಯರು ಕೊಡುವ ಔಷಧಿ ಅದು. ಆಕೆ ಕದ್ದು ಹಾಕಿದ್ದಾಳೆ ಅಂತ ಅವನಿಗೆ ಗೊತ್ತಾದ ದಿನ ಏನಾಗುತ್ತದೆ ಎಂಬುದನ್ನೂ ಯೋಚಿಸಿ. ವಾರ್ಡಿನಲ್ಲಿ ನಾವು ಆ ಹೆಂಗಸರನ್ನೂ ನೋಡುತ್ತೇವೆ.

‘ಮೊದಲು ಬಿಡಿಸಿ’ ಅನ್ನುವುದರಲ್ಲೂ ಅಪಾಯ ಇದೆ. ದಿನಾ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ 6ರಿಂದ 24 ಗಂಟೆಯೊಳಗೆ ಕೈ ನಡುಗುತ್ತದೆ, ಬೆವರು, ನಿದ್ದೆ ಇಲ್ಲ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ದಿಕ್ಕು ತಪ್ಪುವುದು, ಜ್ವರ. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅಂತೀವಿ. ಮನೆಯವರು ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸಿ ಕೂರಿಸಿಕೊಂಡರೆ ಜೀವ ಹೋಗಬಹುದು. ಹಾಗಾಗಿ ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ ಅಂತ ತಪ್ಪದೆ ಕೇಳಿ. ಬಂದಿದ್ದರೆ ಆಸ್ಪತ್ರೆಯಲ್ಲೇ ಬಿಡಿಸಬೇಕು. ಇನ್ನೊಂದು, ಊಟ ಬಿಟ್ಟು ಕುಡಿಯುವವನಿಗೆ ಥಯಮಿನ್ (ವಿಟಮಿನ್ ಬಿ1) ಕೊಡದೆ ಬರೀ ಗ್ಲುಕೋಸ್ ಬಾಟಲಿ ಏರಿಸಿದರೆ ಮೆದುಳಿಗೆ ಹೊಡೆತ ಬೀಳಬಹುದು. ಹಳ್ಳಿಯಲ್ಲಿ ‘ಸಲೈನ್ ಹಚ್ಚಿಸಿದ್ರ ತಾಕತ್ತು ಬರ್ತದ’ ಅಂತ ಕರೆದೊಯ್ಯುವವರು ಬಹಳ, ಅದಕ್ಕೇ ಹೇಳುತ್ತಿದ್ದೇನೆ.

ಗುರುಮಠಕಲ್ ಅಂದಿರಿ, ಅಂದರೆ ತೆಲಂಗಾಣದ ಗಡಿ. ಅವನು ಕುಡಿಯುವುದು ಅಂಗಡಿಯ ಪಾಕೆಟ್ಟೋ ಸೇಂದಿಯೋ ಕೇಳಿದಿರಾ? ಕಲಬೆರಕೆ ಸೇಂದಿಯಲ್ಲಿ ಸಿಎಚ್ ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್, ಇರುತ್ತದೆ. ಕೆಲವು ಕಡೆ ನಿದ್ದೆ ಮಾತ್ರೆಯ ಪುಡಿ ಹಾಕುತ್ತಾರೆ. ಇವು ಸಿಗದೆ ಹೋದರೆ ಫಿಟ್ಸ್, ಭ್ರಮೆ ಜೋರಾಗಿಯೇ ಬರುತ್ತವೆ. 2020ರ ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿದಾಗ ಹೈದರಾಬಾದಿನ ಎರ್ರಗಡ್ಡ ಮಾನಸಿಕ ಆಸ್ಪತ್ರೆಗೆ ಇಂಥವರು ಸಾಲುಗಟ್ಟಿ ಬಂದಿದ್ದರು. ‘ಅದು ಬರೀ ಗಿಡದ ನೀರು’ ಅಂತ ಮನೆಯವರು ಲೆಕ್ಕಕ್ಕೇ ಹಿಡಿದಿರುವುದಿಲ್ಲ.

ಮಾಪನಕ್ಕೆ ಆಡಿಟ್ ಹಾಕಿ, ಅದು ಕುಡಿತ ಅಳೆಯುವ ಪ್ರಶ್ನಾವಳಿ. 10 ಪ್ರಶ್ನೆ, 40 ಅಂಕ. 8 ಅಥವಾ ಹೆಚ್ಚು ಬಂದರೆ ಅಪಾಯದ ಕುಡಿತ, 20 ಅಥವಾ ಹೆಚ್ಚು ಬಂದರೆ ಅವಲಂಬನೆಯ ಸಾಧ್ಯತೆ. ಆದರೆ ಎರಡನೇ ಪ್ರಶ್ನೆಯಲ್ಲಿ ಎಚ್ಚರ. ಅಲ್ಲಿ ಒಂದು ಡ್ರಿಂಕ್ ಅಂದರೆ 10 ಗ್ರಾಂ ಮದ್ಯಸಾರ. ನಮ್ಮ ವಿಸ್ಕಿ, ರಮ್ಮಿನಲ್ಲಿ ಶೇ 42.8 ಇರುತ್ತದೆ. 180 ಮಿಲಿಯ ಒಂದು ಕ್ವಾರ್ಟರ್ ಅಂದರೆ 60 ಗ್ರಾಂ, 6 ಡ್ರಿಂಕ್. ಅವನು “ದಿನಕ್ಕೆ ಎರಡೇ ರೀ” ಅಂದಾಗ 2 ಅಂತ ಬರೆದರೆ ಆ ಪ್ರಶ್ನೆಗೆ ಸೊನ್ನೆ ಅಂಕ, ನಿಜಕ್ಕೆ ಅದು 12 ಡ್ರಿಂಕ್, 4 ಅಂಕ. ಖಾಲಿ ಪಾಕೆಟ್ ತೋರಿಸಿ ಅಂತ ಕೇಳಿ, ಅದರ ಮೇಲೆ ಬರೆದಿರುವುದನ್ನು ಓದಿ.

ಆಳಂದ ಕಡೆಯವಳು

ನಾನು ನರ್ಸ್ ಅಲ್ಲ, ಇಂಥ ಮನೆಯಲ್ಲಿ ಬೆಳೆದವಳು. ತಮ್ಮ ತೀರಿಕೊಂಡಾಗ ನಾನು ಒಂಬತ್ತನೇ ತರಗತಿ. ನಮ್ಮ ಮನೆಗೆ ಆರೋಗ್ಯ ಇಲಾಖೆಯವರು, ಸಂಘದವರು, ಶಾಲೆಯವರು ಎಲ್ಲ ಬಂದರು. ಅಪ್ಪನಿಗೆ ಬುದ್ಧಿ ಹೇಳಿದರು, ಅವ್ವನಿಗೆ ಸಮಾಧಾನ ಹೇಳಿದರು. ನನಗೆ ಹೇಳಿದ್ದು “ಅವ್ವನ್ನ ಚಂದ ನೋಡ್ಕೊ” ಅಂತ. ನನಗೂ ತಮ್ಮ ಸತ್ತಿದ್ದ.

ರಾತ್ರಿ ಅಪ್ಪ ಬರುವವರೆಗೆ ಬಾಗಿಲ ಹತ್ತಿರ ಎಚ್ಚರ ಕೂರುತ್ತಿದ್ದೆ. ಹೆಜ್ಜೆ ಸಪ್ಪಳದಲ್ಲೇ ಎಷ್ಟು ಕುಡಿದಿದ್ದಾನೆ ಗೊತ್ತಾಗುತ್ತಿತ್ತು. ಅಂಥಾ ದಿನ ಚಾಕು, ಕುಡಗೋಲು ಕಾಳಿನ ಡಬ್ಬಿಯ ಹಿಂದೆ ಇಡುವುದು ನನ್ನ ಕೆಲಸ. ತರಗತಿಯಲ್ಲಿ ನಿದ್ದೆ ಮಾಡುತ್ತೇನೆ ಅಂತ ಹೊಡೆಸಿಕೊಂಡೆ. ಇದನ್ನು ಯಾರೂ ಕೇಳಲಿಲ್ಲ, ಕೇಳಿದ್ದರೆ ಹೇಳುತ್ತಿದ್ದೆ. ಆ ಹುಡುಗಿಯನ್ನು ಒಂದು ಸಲ ಹೊರಗೆ ಕರೆದುಕೊಂಡು ಹೋಗಿ, ರಾತ್ರಿ ಎಷ್ಟೊತ್ತಿಗೆ ಮಲಗ್ತೀಯ ಅಂತ ಕೇಳಿ ಸಿಸ್ಟರ್. ಅವಳು ಹೇಳಿದ್ದನ್ನು ಅವ್ವನ ಮುಂದೆ ಆಡಬೇಡಿ.

ಸಮುದಾಯ ನರ್ಸಿಂಗ್ ಬೋಧಕಿ, ಕಲಬುರಗಿ

ಆಳಂದ ಕಡೆಯ ಈ ಹೆಣ್ಣುಮಗಳು ಬರೆದದ್ದನ್ನು ನಾನು ತರಗತಿಯಲ್ಲಿ ಓದಿಸುತ್ತೇನೆ, ಅವರ ಒಪ್ಪಿಗೆ ಇದ್ದರೆ.

ಒಂದೇ ತಿದ್ದುಪಡಿ. ಹುಡುಗಿಗೆ ಪೆಟ್ಟು ಬೀಳುತ್ತಿದ್ದರೆ, ಅಥವಾ ಬೇರೆ ಅಪಾಯ ಇದ್ದರೆ, ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಡಬಾರದು. “ನಿನ್ನ ಜೀವಕ್ಕೆ ತೊಂದರೆ ಇದ್ರ ಮಾತ್ರ ಹೇಳ್ತೀನಿ, ಹೇಳೋಕೆ ಮೊದಲು ನಿನಗೇ ತಿಳಿಸ್ತೀನಿ” ಅಂತ ಆರಂಭದಲ್ಲೇ ಹೇಳಬೇಕು. ಸಹಾಯವಾಣಿ ಮಕ್ಕಳಿಗೆ 1098, ಹೆಂಗಸರಿಗೆ 181.

ಸಮುದಾಯ ಆರೋಗ್ಯ ಅಧಿಕಾರಿ, ಚಿತ್ತಾಪುರ ತಾಲೂಕು

ಎಲ್ಲ ಸರಿ, ಆದರೆ ನನ್ನ ಉಪಕೇಂದ್ರಕ್ಕೆ 5,000ದ ಹತ್ತಿರ ಜನ. ಬಿಪಿ, ಶುಗರ್ ಮಾತ್ರೆ, ಲಸಿಕೆ, ಪೋರ್ಟಲ್ ತುಂಬಿಸುವುದು, ಇದರ ನಡುವೆ ಒಂದು ಮನೆಗೆ ಮೂರು ತಲೆಮಾರಿನ ಚಿತ್ರ ಬರೆಯುತ್ತ ಕೂರಲು ಯಾವಾಗ ಆಗುತ್ತದೆ? ವಿದ್ಯಾರ್ಥಿಗಳಿಗೆ ಹೇಳುವಾಗ ಇದನ್ನೂ ನೆನಪಿಡಿ.

ಸಮುದಾಯ ನರ್ಸಿಂಗ್ ಬೋಧಕಿ, ಕಲಬುರಗಿ

ನಿಮ್ಮ ಕಷ್ಟ ಗೊತ್ತು, ಅದು ನಿಮ್ಮೊಬ್ಬರ ಕಷ್ಟವೂ ಅಲ್ಲ. ಅದೇ ರೈಟ್ ಮತ್ತು ಲೀಹಿ 15 ನಿಮಿಷದ ಕುಟುಂಬ ಸಂದರ್ಶನ ಅಂತಲೂ ಬರೆದಿದ್ದಾರೆ, ನಿಮ್ಮಂಥ ಗಡಿಬಿಡಿಯಲ್ಲಿ ಇರುವವರಿಗೇ. ಚಿಕ್ಕ ಜೀನೋಗ್ರಾಂ, ಎರಡು ಮೂರು ಸರಿಯಾದ ಪ್ರಶ್ನೆ, ಮನೆಯವರು ಏನು ಚೆನ್ನಾಗಿ ಮಾಡುತ್ತಿದ್ದಾರೋ ಅದನ್ನು ಬಾಯಿಬಿಟ್ಟು ಹೇಳುವುದು. ಬಿಪಿ ಮಾತ್ರೆ ಕೊಡಲು ಅಜ್ಜಿಯ ಹತ್ತಿರ ಹೇಗೂ ಹೋಗುತ್ತೀರಿ. “ಮನ್ಯಾಗ ರಾತ್ರಿ ನಿದ್ದಿ ಯಾರಿಗೆ ಆಗವಲ್ದು?” ಅಂತ ಒಂದು ಮಾತು ಅಲ್ಲೇ ಕೇಳಿ.

ಸ್ಟಾಫ್ ನರ್ಸ್, ಕಲಬುರಗಿ ನಗರ

ಒಂದು ಸೇರಿಸುತ್ತೇನೆ. ಗಂಡ ತೀರಿಕೊಂಡ ಮುಸ್ಲಿಂ ಮನೆಗಳಲ್ಲಿ ಹೆಂಗಸು ಇದ್ದತ್‌ನಲ್ಲಿರುತ್ತಾಳೆ, ಅಂದರೆ ಮನೆಯಲ್ಲೇ ಶೋಕ ಆಚರಿಸುವ ಅವಧಿ, 4 ತಿಂಗಳು 10 ದಿನ. ಕೇಂದ್ರಕ್ಕೆ ಬರಲಿಲ್ಲ ಅಂತ ‘ಸಹಕಾರ ಇಲ್ಲ’ ಅಂತ ಬರೆಯಬಾರದು. ನಾವೇ ಹೋಗಬೇಕು, ಹೆಣ್ಣುಮಕ್ಕಳೇ ಹೋಗಬೇಕು.

ಬಿಎಸ್ಸಿ ನರ್ಸಿಂಗ್ ಕೊನೆ ವರ್ಷ, ಯಾದಗಿರಿ

ಎಲ್ಲರಿಗೂ ಧನ್ಯವಾದ. ಆಶಾ ಅಕ್ಕ ಹೇಳಿದಂತೆ ರೊಟ್ಟಿ ಬಡಿಯುವ ಹೊತ್ತಿಗೆ ಒಬ್ಬಳೇ ಹೋದೆ. ಯಾರು ಭಾಳ ಸುಮ್ಮನಾಗ್ಯಾರ ಅಂತ ಕೇಳಿದೆ. ಬಡಿಯುವ ಕೈ ನಿಂತಿತು. “ಇವ್ರೇ ರೀ” ಅಂದರು. ಆಮೇಲೆ ಹೇಳಿದ್ದು ಇದು: ಎಳ್ಳ ಅಮಾಸಿಗೆ ಚರಗ ಚೆಲ್ಲಾಕ (ಹೊಲದಲ್ಲಿ ನೈವೇದ್ಯ ಚೆಲ್ಲಲು) ಬರಲೇಬೇಕು ಅಂತ ಫೋನ್ ಮಾಡಿ ಮಗನನ್ನು ಕರೆಸಿದ್ದು ಅಪ್ಪ. ಹುಡುಗ ರಜೆ ಇಲ್ಲ ಅಂದಿದ್ದ, ಅಪ್ಪ ಸಿಟ್ಟು ಮಾಡಿದ್ದ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಇಷ್ಟು ತಿಂಗಳಲ್ಲಿ ಒಬ್ಬರೂ ಆಡಿಲ್ಲ.

ಎರಡು ಗೆರೆ ಹಾಕಿ ನೋಡಿದೆ. ಬೈಕಿನ ಸಾಲದ ಕಂತು ಇನ್ನೂ ಇದೆ. ಫೈನಾನ್ಸಿನವರು ಬಂದು ಹೋದ ದಿನಗಳಲ್ಲೇ ಕುಡಿತ ಮೇಲಕ್ಕೆ ಹೋಗಿದೆ. ಗಾಡಿ ನುಜ್ಜುಗುಜ್ಜಾಗಿ ಠಾಣೆ ಮುಂದೆ ಬಿದ್ದಿದೆ, ಕಂತು ಮಾತ್ರ ಮನೆಗೆ ಬರುತ್ತದೆ. ಅಪ್ಪ ಅಂಗಡಿಯದ್ದನ್ನೂ ಕುಡಿಯುತ್ತಾರೆ, ವಾರದಲ್ಲಿ ಕೆಲವು ಸಲ ಸೇಂದಿಯೂ ಇದೆ. ಗ್ರಾಂ ಲೆಕ್ಕ ಹಾಕಿ ಆಡಿಟ್ ಮಾಡಿದರೆ 20 ದಾಟಿತು. ಸಾಯುವ ಯೋಚನೆ ಇಬ್ಬರಿಗೂ ಇಲ್ಲ ಅಂದರು. ಅಪ್ಪ ಸ್ವಲ್ಪ ತಡೆದು ಹೇಳಿದ್ದರಿಂದ ಮತ್ತೆ ಕೇಳಬೇಕು ಅಂತ ಗುರುತು ಹಾಕಿ, ವೈದ್ಯಾಧಿಕಾರಿಗೂ ಹೇಳಿದ್ದೇನೆ.

ಜೀನೋಗ್ರಾಂನಲ್ಲಿ ಒಂದು ಗಂಟು. ಆ ತಾಯಿಯನ್ನು ಸೋದರಮಾವನಿಗೇ ಕೊಟ್ಟಿದ್ದಾರೆ. ಅಜ್ಜಿ ಅಂದರೆ ಅವರ ಅತ್ತೆಯೂ ಹೌದು, ತಾಯಿಯ ತಾಯಿಯೂ ಹೌದು.

ಮಗಳು ಬೋರಿನ ಹತ್ತಿರ ಹೇಳಿದ್ದು ಬೇರೆಯೇ. ಮನೆಯಲ್ಲಿ ವರ್ಷದೊಳಗೆ ಒಂದು ಶುಭಕಾರ್ಯ ಆದರೆ ಒಳ್ಳೆಯದು ಅಂತ ಅವಳ ಮದುವೆಯ ಮಾತು ನಡೆದಿದೆ. ಅವಳಿಗೆ 18 ಆಗಿಲ್ಲ. ಅವಳು ಅಳಲಿಲ್ಲ, ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯಲು ಬಿಡ್ತಾರಾ ಅಂತ ಕೇಳಿದಳು.

ಸಮುದಾಯ ನರ್ಸಿಂಗ್ ಬೋಧಕಿ, ಕಲಬುರಗಿ

ಆ ಗಂಟಿನಲ್ಲೇ ಆಕೆಯ ‘ಆರಾಮ ಅದೀವಿ’ ಇದೆ, ನೋಡು. ಬೇರೆ ಹೆಂಗಸರಾದರೆ ಗಂಡ ಕುಡಿದು ಬಂದಾಗ ನಾಲ್ಕು ದಿನ ತವರಿಗೆ ಹೋಗಿ ಕೂರುತ್ತಾರೆ. ಈಕೆಯ ತಾಯಿ ಗಂಡನ ಅಕ್ಕ. ತಮ್ಮನ ಮೇಲಿನ ದೂರನ್ನು ಅಕ್ಕನಿಗೆ ಒಯ್ಯಬೇಕು. ಮಗನ ಸಾವಿನಲ್ಲೂ ತವರು ಮತ್ತು ಅತ್ತೆಮನೆ ಎರಡೂ ಒಟ್ಟಿಗೆ ಮುಳುಗಿವೆ, ಹೊರಗೆ ನಿಂತು ಕೈ ಕೊಡುವವರು ಉಳಿದಿಲ್ಲ. ಇಕೋಮ್ಯಾಪಿನಲ್ಲಿ, ಅಂದರೆ ಮನೆಗೆ ಹೊರಗಿನವರ ಜೊತೆ ಇರುವ ನಂಟಿನ ಚಿತ್ರದಲ್ಲಿ, ರಕ್ತಸಂಬಂಧದ ಹೊರಗಿನ ಹೆಸರು ಹುಡುಕು: ಸ್ವಸಹಾಯ ಸಂಘದ ಗೆಳತಿ, ಅಂಗನವಾಡಿ ಟೀಚರ್, ಯಾರಾದರೂ ಇರುತ್ತಾರೆ.

ಮದುವೆ ಮಾತು ತುರ್ತು, ಇದನ್ನು ಮುಂದಿನ ಭೇಟಿಗೆ ತಳ್ಳಬೇಡ. ನಿನ್ನ ಮೇಲ್ವಿಚಾರಕರಿಗೆ ಇವತ್ತೇ ಹೇಳು, ಅವರ ಮೂಲಕ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಲಿ. ಹುಡುಗಿಗೆ ಮೊದಲು ತಿಳಿಸು. ಅಜ್ಜಿಯನ್ನು ಖಳನಾಯಕಿ ಮಾಡಬೇಡ, ಮೊಮ್ಮಗನನ್ನು ಕಳೆದುಕೊಂಡ ಮುದುಕಿ ಮನೆ ಉಳಿಸಲು ತನಗೆ ಗೊತ್ತಿದ್ದ ದಾರಿ ಹುಡುಕುತ್ತಿದ್ದಾಳೆ. ಆದರೂ ಮದುವೆ ನಿಲ್ಲಬೇಕು.

ಬೈಕಿನ ವಿಷಯವನ್ನು ‘ಆರ್ಥಿಕ ಸ್ಥಿತಿ’ ಕಾಲಂಗೆ ತಳ್ಳಬೇಡ, ಅದು ಈ ಮನೆಯ ಕುಡಿತದ ಭಾಗ. ಗುರುತು ಸಿಗದ ವಾಹನ ಗುದ್ದಿ ಸಾವಾದರೆ 2022ರ ಏಪ್ರಿಲ್‌ನಿಂದ 2 ಲಕ್ಷ ರೂಪಾಯಿ ಪರಿಹಾರದ ಯೋಜನೆ ಇದೆ. ಎಫ್‌ಐಆರ್, ಮರಣೋತ್ತರ ವರದಿ ಹಿಡಿದು ತಹಸೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ವಿಚಾರಿಸಲಿ.

ಕುಡಿತ ಬಿಟ್ಟವನು, ಸೇಡಂ

ಫೋನ್ ಮಾಡಿ ಕರೆಸಿದ್ದು ನಾನೇ ಅಂತ ಆ ಮನುಷ್ಯನ ತಲೆಯಲ್ಲಿ ರಾತ್ರಿ ಇಡೀ ನಡೆಯುತ್ತಿರುತ್ತದೆ. ನಿಮ್ಮ ತಪ್ಪಲ್ಲ ಅಂತ ತಟ್ಟನೆ ಹೇಳಬೇಡಿ ಸಿಸ್ಟರ್, ಅದನ್ನು ಅವನು ನಂಬುವುದಿಲ್ಲ. ಅವನು ಪೂರ್ತಿ ಹೇಳಿ ಮುಗಿಸಲಿ. ನನ್ನ ಮಾತನ್ನು ಕೊನೆವರೆಗೂ ಕೇಳಿದ ಮೊದಲನೆಯವರು ಆಸ್ಪತ್ರೆಯ ಒಬ್ಬ ಬ್ರದರ್ (ಗಂಡು ನರ್ಸ್). ಮಾತ್ರೆ ಆಮೇಲೆ ಕೆಲಸ ಮಾಡಿತು. ಮತ್ತೆ ಕುಡಿದರೆ ಮನೆಯವರು ಕೈಬಿಡದಂತೆ ಮೊದಲೇ ಹೇಳಿ ಇಡಿ, ನಾನೂ ನಡುವೆ ಮತ್ತೆ ಕುಡಿದಿದ್ದೆ.

ಮನೋರೋಗ ವಿಭಾಗದ ನರ್ಸ್, ಕಲಬುರಗಿ

20 ದಾಟಿದೆ, ಸೇಂದಿಯೂ ಇದೆ. ಮನೆಯಲ್ಲಿ ಬಿಡಿಸಲು ಹೋಗಬೇಡಿ. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕ್ಲಿನಿಕ್ ಮಂಗಳವಾರ ಇರುತ್ತದೆ, ಆಶಾ ಜೊತೆ ಕಳಿಸಿ. ದಾಖಲಾಗಲು ಹೇಳಿದರೆ ಯಾದಗಿರಿ ಜಿಲ್ಲಾ ಆಸ್ಪತ್ರೆಗೆ. ಸೇಂದಿಯ ವಿಷಯವನ್ನು ಚೀಟಿಯಲ್ಲಿ ಬರೆದೇ ಕಳಿಸಿ, ಅವನು ಬಾಯಿಬಿಟ್ಟು ಹೇಳುವುದಿಲ್ಲ. ನೀವು ಬರೆದ ಹಾಳೆಗಳನ್ನು ಹಾಸ್ಟೆಲ್ ಟೇಬಲ್ ಮೇಲೆ ಬಿಡಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಗೋಪ್ಯತೆ ರೋಗಿಯ ಹಕ್ಕು.

ಬಿಎಸ್ಸಿ ನರ್ಸಿಂಗ್ ಕೊನೆ ವರ್ಷ, ಯಾದಗಿರಿ

ಮದುವೆಯ ವಿಷಯ ಮೇಲ್ವಿಚಾರಕರ ಮೂಲಕ ಮಕ್ಕಳ ರಕ್ಷಣಾ ಘಟಕಕ್ಕೆ ತಲುಪಿದೆ. ಅವರು ಬಂದು ಮನೆಯವರ ಜೊತೆ ಮಾತಾಡಿ ಮುಚ್ಚಳಿಕೆ ಬರೆಸಿಕೊಂಡಿದ್ದಾರೆ. ಅಜ್ಜಿಗೆ ನನ್ನ ಮೇಲೆ ಸಿಟ್ಟಿದೆ. ಅಪ್ಪ ಈ ಮಂಗಳವಾರ ಬರಲು ಒಪ್ಪಿ ಕೊನೆ ಗಳಿಗೆಯಲ್ಲಿ ಹೊಲಕ್ಕೆ ಹೋದರು. ಬರುವ ಮಂಗಳವಾರಕ್ಕೆ ಆಶಾ ಅಕ್ಕ, ಆ ಅಪ್ಪನ ಭಾವಮೈದುನ ಇಬ್ಬರೂ ಜೊತೆ ಹೋಗುತ್ತಾರೆ.

ನನ್ನ ಪೋಸ್ಟಿಂಗ್ ಮುಗಿಯಲು ಬಂತು, ಎಳ್ಳ ಅಮಾವಾಸ್ಯೆ ಅದಾದ ಮೇಲೆ ಬರುತ್ತದೆ. ವರ್ಷದ ಆ ದಿನಗಳಲ್ಲಿ ಈ ಮನೆಯನ್ನು ಒಂಟಿ ಬಿಡಬಾರದು ಅಂತ ಕುಟುಂಬ ಫೋಲ್ಡರಿನ ಮೊದಲ ಪುಟದಲ್ಲೇ ಬರೆದು, ಇಲ್ಲಿಯ ಆರೋಗ್ಯ ಅಧಿಕಾರಿಯವರನ್ನು ಕರೆದೊಯ್ದು ಮನೆಯವರಿಗೆ ಪರಿಚಯ ಮಾಡಿಸಿದ್ದೇನೆ. ಹಬ್ಬದ ಹಿಂದಿನ ದಿನ ಮತ್ತು ಮರುದಿನ ಅವರು ಹೋಗುತ್ತಾರೆ. ಹುಡುಗಿಯ ಶಾಲೆಯ ವಿಷಯವನ್ನು ಅವಳ ಒಪ್ಪಿಗೆ ಪಡೆದು ತರಗತಿ ಟೀಚರಿಗೆ ತಿಳಿಸಿದ್ದೇನೆ, ಅವರು ಸಂಜೆ ಓದಲು ಶಾಲೆಯಲ್ಲೇ ಕೂರಿಸಿಕೊಳ್ಳುತ್ತೇನೆ ಅಂದಿದ್ದಾರೆ.

ಆಶಾ ಕಾರ್ಯಕರ್ತೆ

ಸಣ್ಣ ಹುಡುಗನ್ನ ಯಾರೂ ಕೇಳಿಲ್ಲಲ್ರಿ ಸಿಸ್ಟರ್. ಆರನೇತ್ತಿ ಹುಡುಗ. ನಾ ಕೇಳ್ತೀನಿ.